ಖಾಲಿಯಾದ ಸೀಟಿಗೆ ‘ಬೇಡ’ ಅನ್ನೋ ಧೈರ್ಯದವರನ್ನ ಹುಡುಕೋದು ಹೇಗೆ?

ಪಾಡ್‌ಕಾಸ್ಟ್ ಕೇಳೋಕೆ ಪುರುಸೊತ್ತು ಇಲ್ಲದವರಿಗಾಗಿ ಈ ಸಂಚಿಕೆಯ ಬರಹ ರೂಪ ಇಲ್ಲಿದೆ.

ಇವತ್ತಿನ ವಿಷಯ ಅಮೆರಿಕದ್ದು. ಆದ್ರೆ ಅಲ್ಲಿಗೆ ಹೋಗೋ ಮುಂಚೆ ನಮ್ಮ ಚಿಕ್ಕಪ್ಪನ ಒಂದು ಕತೆ ಹೇಳಿಬಿಡ್ತೀನಿ. ಅವರು ಎರಡು ಸಲ ತಾಲ್ಲೂಕು ಪಂಚಾಯಿತಿ ಸದಸ್ಯರಾಗಿದ್ದವರು. ಜಿಲ್ಲಾ ಪಂಚಾಯಿತಿ ಟಿಕೆಟ್ ಬೇಕು ಅಂತ ಜಿಲ್ಲಾ ಕೇಂದ್ರದ ಲಾಡ್ಜೊಂದರಲ್ಲಿ ನಾಲ್ಕು ದಿನ ಕೂತಿದ್ರು. ಆಗ ನಾನು ಕಾಲೇಜಿನಲ್ಲಿದ್ದೆ, ಊಟ ತಗೊಂಡು ಹೋಗಿ ಕೊಡ್ತಿದ್ದೆ. ಕೊನೆಗೂ ಅವರನ್ನ ಒಳಗೆ ಕರೆದ್ರು. ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಖರ್ಚು ಮಾಡ್ತೀರಿ? ನಿಮ್ಮ ಜನ ಆ ಕಡೆ ಎಷ್ಟು ಓಟು ಇದ್ದಾರೆ? ಬಿ ಫಾರಂ ಬೇರೆಯವರಿಗೆ ಹೋಯ್ತು. ಅದರ ಬಗ್ಗೆ ಚಿಕ್ಕಪ್ಪನಿಗೆ ಅಂಥ ಬೇಜಾರು ಇರಲಿಲ್ಲ. ಬೇಜಾರಾಗಿದ್ದು ಬೇರೆ ಮಾತಿಗೆ. ‘ಗೆದ್ದರೆ ಏನು ಮಾಡ್ತೀಯ ಅಂತ ಒಬ್ಬರೂ ಕೇಳಲಿಲ್ಲ ಕಣೋ’ ಅಂದ್ರು.

ಅದೇ ಪ್ರಶ್ನೆ ಇವತ್ತಿನ ಸಂಚಿಕೆ. ಅಭ್ಯರ್ಥಿಯನ್ನ ಆರಿಸುವವರು ಅವರಿಗೆ ಏನು ಕೇಳಬೇಕು? ಇದಕ್ಕೆ ನಾನು ಒಂದು ನಿರ್ದಿಷ್ಟ ಉದಾಹರಣೆ ತಗೋತೀನಿ. ಅಮೆರಿಕದಲ್ಲಿ ‘ಲಿಬರ್ಟಿ’ ಗುಂಪು ಅಂತ ಕರೆಸಿಕೊಳ್ಳೋ ಜನ, ಸಂಸತ್ತಿನ ಒಂದು ಸೀಟು ಖಾಲಿಯಾದಾಗ ತಮಗೆ ಬೇಕಾದ ಅಭ್ಯರ್ಥಿಯನ್ನ ಹೇಗೆ ಹುಡುಕ್ತಾರೆ, ಹೇಗೆ ತೂಗಿ ನೋಡ್ತಾರೆ ಅನ್ನೋದು.

ಮೊದಲು ಆ ಪದದ ಅರ್ಥ. ಇಲ್ಲಿ ಲಿಬರ್ಟಿ ಅಂದ್ರೆ ನಮ್ಮ ಸ್ವಾತಂತ್ರ್ಯ ಚಳವಳಿಯ ಅರ್ಥದ ಸ್ವಾತಂತ್ರ್ಯ ಅಲ್ಲ. ಅಮೆರಿಕದವರು ‘ಲಿಬರಲ್’ ಅನ್ನುವಾಗ ಹೇಳೋ ಎಡಪಂಥವೂ ಅಲ್ಲ. ಸರ್ಕಾರ ಚಿಕ್ಕದಾಗಿರಲಿ, ತೆರಿಗೆ ಮತ್ತು ಸಾಲ ಕಡಿಮೆ ಇರಲಿ, ಪೊಲೀಸು-ಗುಪ್ತಚರ ಸಂಸ್ಥೆಗಳು ಜನರ ಫೋನು, ಪತ್ರಗಳನ್ನ ವಾರಂಟ್ ಇಲ್ಲದೆ ನೋಡದಿರಲಿ, ಹೊರದೇಶದ ಯುದ್ಧಗಳಿಂದ ದೂರ ಇರಲಿ. ಇಷ್ಟು ಸೇರಿದ ನಿಲುವು ಅದು. ಟೆಕ್ಸಸ್‌ನ ವೈದ್ಯ, ಮಾಜಿ ಸಂಸದ ರಾನ್ ಪಾಲ್ ಇದರ ಹಿರಿಯ ತಲೆ. ಎಲ್ಲದಕ್ಕೂ ವಿರೋಧ ಮತ ಹಾಕ್ತಾರೆ ಅಂತ ಅವರಿಗೆ ‘ಡಾಕ್ಟರ್ ನೋ’ ಅನ್ನೋ ಅಡ್ಡಹೆಸರು ಬಿದ್ದಿತ್ತು. ಈ ನಿಲುವು ಸರಿಯೋ ತಪ್ಪೋ ಅನ್ನೋದು ಇವತ್ತಿನ ಚರ್ಚೆ ಅಲ್ಲ. ಅವರ ಹುಡುಕಾಟದ ರೀತಿ ಮಾತ್ರ ನಮಗೆ ಬೇಕಿರೋದು.

ಈಗ ಎರಡನೇ ಮಾತು: ಖಾಲಿ ಸೀಟೇ ಯಾಕೆ? ಅಮೆರಿಕದ ಪ್ರತಿನಿಧಿ ಸಭೆಯಲ್ಲಿ 435 ಸೀಟು, ಎರಡು ವರ್ಷಕ್ಕೊಮ್ಮೆ ಎಲ್ಲದಕ್ಕೂ ಚುನಾವಣೆ. ಕೇಳೋಕೆ ದೊಡ್ಡ ಅವಕಾಶ ಅನ್ಸುತ್ತೆ. ಆದ್ರೆ ಮತ್ತೆ ಸ್ಪರ್ಧಿಸೋ ಹಾಲಿ ಸದಸ್ಯರಲ್ಲಿ ಸಾಮಾನ್ಯವಾಗಿ ಶೇ 90ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಜನ ಗೆದ್ದು ಬರ್ತಾರೆ. ಹೆಸರು ಗೊತ್ತಿರುತ್ತೆ, ದುಡ್ಡು ಇರುತ್ತೆ, ಪಕ್ಷ ಜೊತೆಗಿರುತ್ತೆ. ಹಾಗಾಗಿ ಹೊಸಬರಿಗೆ ನಿಜವಾದ ಬಾಗಿಲು ತೆರೆಯೋದು ಹಾಲಿ ಸದಸ್ಯರು ನಿವೃತ್ತಿ ಅಂದಾಗ ಮಾತ್ರ. ಒಂದು ಪಕ್ಷಕ್ಕೆ ಭದ್ರವಾಗಿರೋ ಕ್ಷೇತ್ರವಾದ್ರೆ ನವೆಂಬರ್ ಚುನಾವಣೆ ಬರೀ ಶಾಸ್ತ್ರ. ನಿಜವಾದ ತೀರ್ಮಾನ ಆಗೋದು ಪ್ರೈಮರಿಯಲ್ಲಿ, ಅಂದ್ರೆ ಪಕ್ಷದ ಅಭ್ಯರ್ಥಿ ಯಾರು ಅಂತ ಸಾಮಾನ್ಯ ಮತದಾರರೇ ಓಟು ಹಾಕಿ ಆರಿಸೋ ಒಳಚುನಾವಣೆಯಲ್ಲಿ.

ಗಮನಿಸಿ, ಅಲ್ಲಿ ಬಿ ಫಾರಂ ಇಲ್ಲ. ಹೈಕಮಾಂಡ್ ‘ಇವರೇ’ ಅಂತ ಹೇಳೋ ಹಾಗಿಲ್ಲ. ಪಕ್ಷದ ದೊಡ್ಡವರು ಬೆಂಬಲ ಘೋಷಿಸಬಹುದು ಅಷ್ಟೇ. ಅಮೆರಿಕ ಸಂವಿಧಾನ ಕೇಳೋದು ಮೂರೇ ಅರ್ಹತೆ: 25 ವರ್ಷ ವಯಸ್ಸು, 7 ವರ್ಷದಿಂದ ಪೌರತ್ವ, ಆಯ್ಕೆಯಾಗುವಾಗ ಆ ರಾಜ್ಯದ ನಿವಾಸಿ ಆಗಿರಬೇಕು. ಆಯಾ ರಾಜ್ಯದ ನಿಯಮದಂತೆ ಅರ್ಜಿ ಹಾಕಿದ್ರೆ ಪ್ರೈಮರಿಯಲ್ಲಿ ನಿಲ್ಲಬಹುದು.

ಇನ್ನು ಉದಾಹರಣೆ. ಕೆಂಟಕಿ ರಾಜ್ಯದ 4ನೇ ಕ್ಷೇತ್ರ. ಒಹಾಯೊ ನದಿಯ ದಂಡೆಗುಂಟ ಉದ್ದಕ್ಕೆ ಹಬ್ಬಿರೋ ಕ್ಷೇತ್ರ. ಪಶ್ಚಿಮದಲ್ಲಿ ಲೂಯಿವಿಲ್ ನಗರದ ಹೊರವಲಯ, ಮಧ್ಯದಲ್ಲಿ ಸಿನ್ಸಿನಾಟಿ ನಗರಕ್ಕೆ ಅಂಟಿಕೊಂಡಿರೋ ಬೂನ್, ಕೆಂಟನ್, ಕ್ಯಾಂಪ್‌ಬೆಲ್ ಕೌಂಟಿಗಳು, ಪೂರ್ವಕ್ಕೆ ಹೋದ್ರೆ ಬಡ ಗುಡ್ಡಗಾಡು. ಕ್ಷೇತ್ರದ ಜನಸಂಖ್ಯೆ 7 ಲಕ್ಷ ದಾಟುತ್ತೆ, ಅದರಲ್ಲಿ ಅರ್ಧದಷ್ಟು ಜನ ಈ ಮೂರು ಕೌಂಟಿಗಳಲ್ಲೇ ಇದ್ದಾರೆ. 2011ರ ಡಿಸೆಂಬರ್ ಮಧ್ಯದಲ್ಲಿ ಅಲ್ಲಿನ ರಿಪಬ್ಲಿಕನ್ ಸಂಸದ ಜೆಫ್ ಡೇವಿಸ್ ‘ನಾನು ಮತ್ತೆ ನಿಲ್ಲಲ್ಲ’ ಅಂತ ಹೇಳಿಬಿಟ್ರು.

ಇಲ್ಲಿ ಕ್ಯಾಲೆಂಡರ್ ಮುಖ್ಯ. ಕೆಂಟಕಿಯದ್ದು ಮುಚ್ಚಿದ ಪ್ರೈಮರಿ. ರಿಪಬ್ಲಿಕನ್ ಅಂತ ನೋಂದಾಯಿಸಿಕೊಂಡವರು ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ಓಟು ಹಾಕಬಹುದು. ಬೇರೆ ಪಕ್ಷದಿಂದ ಬರೋರು ಹಿಂದಿನ ವರ್ಷದ ಡಿಸೆಂಬರ್ 31ರೊಳಗೆ ನೋಂದಣಿ ಬದಲಿಸಿಕೊಂಡಿರಬೇಕು. ಅಂದ್ರೆ ಎರಡೇ ವಾರ. ಅಭ್ಯರ್ಥಿಯ ಅರ್ಜಿಯ ಗಡುವೂ ಹತ್ತಿರದಲ್ಲೇ ಇತ್ತು. ಮತದಾನ 2012ರ ಮೇ 22ಕ್ಕೆ. ಸೀಟು ಖಾಲಿಯಾದ ಮೇಲೆ ಹುಡುಕೋಕೆ ಶುರು ಮಾಡಿದವರಿಗೆ ಕೆಲವೇ ವಾರ ಸಿಕ್ಕವು. ಇದು ಮೊದಲ ಪಾಠ. ಹುಡುಕಾಟ ಸೀಟು ಖಾಲಿಯಾಗೋಕೆ ಮುಂಚೆನೇ ನಡೆದಿರಬೇಕು, ಅದೂ ಚಿಕ್ಕ ಜಾಗಗಳಲ್ಲಿ.

ಆ ಚಿಕ್ಕ ಜಾಗ ಇಲ್ಲಿ ಲೂಯಿಸ್ ಕೌಂಟಿ. ಕ್ಷೇತ್ರದ ಪೂರ್ವ ಭಾಗ, ಜನಸಂಖ್ಯೆ ಸುಮಾರು 14 ಸಾವಿರ. ನಮ್ಮ ಒಂದು ದೊಡ್ಡ ಹೋಬಳಿಗಿಂತ ಕಡಿಮೆ ಅನ್ನಿ. ಅಲ್ಲಿನ ಆಡಳಿತದ ಮುಖ್ಯಸ್ಥರನ್ನ ಜಡ್ಜ್-ಎಕ್ಸಿಕ್ಯುಟಿವ್ ಅಂತಾರೆ. ಹೆಸರಲ್ಲಿ ಜಡ್ಜ್ ಇದ್ರೂ ಕೆಲಸ ಕೋರ್ಟಿನದ್ದಲ್ಲ. ರಸ್ತೆ, ಜೈಲು, ಬಜೆಟ್ ನೋಡ್ಕೊಳ್ಳೋದು. 2010ರಲ್ಲಿ ಥಾಮಸ್ ಮ್ಯಾಸಿ ಅನ್ನೋರು ತಮ್ಮದೇ ಪಕ್ಷದ ಹಾಲಿ ಮುಖ್ಯಸ್ಥರನ್ನ ಪ್ರೈಮರಿಯಲ್ಲಿ ಸೋಲಿಸಿ ಆ ಹುದ್ದೆಗೆ ಬಂದಿದ್ರು. ಅದೇ ಊರ ಕಡೆ ಬೆಳೆದವರು, ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ, ಕಂಪ್ಯೂಟರ್ ಒಳಗಿನ ವಸ್ತುವನ್ನ ಕೈಯಲ್ಲಿ ಮುಟ್ಟಿದಂತೆ ಅನುಭವ ಕೊಡೋ ಸಾಧನದ ಕಂಪನಿ ಕಟ್ಟಿ, ಅದನ್ನ ಬಿಟ್ಟು ಊರಿಗೆ ವಾಪಸ್ ಬಂದು ಮರದ ಮನೆ ಕಟ್ಟಿಕೊಂಡವರು. ಅದೇ 2010ರಲ್ಲಿ ರಾನ್ ಪಾಲ್ ಮಗ ರ‍್ಯಾಂಡ್ ಪಾಲ್ ಕೆಂಟಕಿಯಿಂದ ಸೆನೆಟ್‌ಗೆ ನಿಂತಾಗ ಅವರ ಪರವಾಗಿ ಓಡಾಡಿದ್ರು. ಅಂದ್ರೆ 2012ರ ಜನವರಿಯಲ್ಲಿ ಲಿಬರ್ಟಿ ಗುಂಪಿಗೆ ಮ್ಯಾಸಿ ಹೊಸ ಮುಖ ಅಲ್ಲ. ಅವರು ಹೇಗೆ ಕೆಲಸ ಮಾಡ್ತಾರೆ ಅನ್ನೋದನ್ನ ಜನ ಎರಡು ವರ್ಷ ಹತ್ತಿರದಿಂದ ನೋಡಿದ್ರು.

ಎರಡನೇ ಪಾಠ, ಪ್ರಶ್ನೆ ಕೇಳೋ ರೀತಿ. ‘ನೀವು ಸ್ವಾತಂತ್ರ್ಯದ ಪರವಾ?’ ಅಂದ್ರೆ ಎಲ್ಲರೂ ‘ಹೌದು’ ಅಂತಾರೆ. ನಮ್ಮಲ್ಲಿ ‘ನೀವು ರೈತರ ಪರವಾ?’ ಅಂತ ಕೇಳಿದ ಹಾಗೆ. ಆ ಪ್ರಶ್ನೆಯಿಂದ ಏನೂ ಗೊತ್ತಾಗಲ್ಲ. ಗೊತ್ತಾಗಬೇಕಾದ್ರೆ ನಿಜವಾಗಿ ನಡೆದ ಒಂದು ಮತದಾನ ಮುಂದಿಟ್ಟು ಕೇಳಬೇಕು.

ಉದಾಹರಣೆಗೆ ಪೇಟ್ರಿಯಟ್ ಕಾಯ್ದೆ. ನ್ಯೂಯಾರ್ಕ್ ಗೋಪುರಗಳು ಬಿದ್ದ ಆರೇ ವಾರದಲ್ಲಿ, 2001ರ ಅಕ್ಟೋಬರ್‌ನಲ್ಲಿ, ಗುಪ್ತಚರರಿಗೆ ವಿಪರೀತ ಅಧಿಕಾರ ಕೊಟ್ಟ ಕಾಯ್ದೆ. ಪ್ರತಿನಿಧಿ ಸಭೆಯಲ್ಲಿ 357–66ರಿಂದ ಪಾಸಾಯ್ತು. ವಿರೋಧಿಸಿದ ರಿಪಬ್ಲಿಕನ್ನರು ಮೂವರೇ ಮೂವರು, ಅವರಲ್ಲಿ ರಾನ್ ಪಾಲ್ ಒಬ್ಬರು. ಅಭ್ಯರ್ಥಿಗೆ ಕೇಳಬೇಕಾದ್ದು ಇದು: ಆ ವಾರ, ದೇಶ ಅಳ್ತಾ ಇದ್ದಾಗ, ನಿಮ್ಮದೇ ಪಕ್ಷದ ಅಧ್ಯಕ್ಷರು ಬೇಕು ಅಂದಾಗ, ನೀವು ಆ ಮೂವರ ಜೊತೆ ನಿಲ್ತಿದ್ರಾ? 2012ರಲ್ಲಿ ಇನ್ನೊಂದು ಬಿಸಿ ಪ್ರಶ್ನೆ ಇತ್ತು. 2011ರ ಡಿಸೆಂಬರ್ 31ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ರಕ್ಷಣಾ ಕಾಯ್ದೆಯಲ್ಲಿ ಭಯೋತ್ಪಾದನೆಯ ಶಂಕಿತರನ್ನ ವಿಚಾರಣೆಯಿಲ್ಲದೆ ಸೇನೆಯ ವಶದಲ್ಲಿ ಇಡಬಹುದಾದ 1021ನೇ ಸೆಕ್ಷನ್ ಇತ್ತು. ಎರಡೂ ಪಕ್ಷದವರು ಅದಕ್ಕೆ ಓಟು ಹಾಕಿದ್ರು. ಇದಕ್ಕೆ ‘ವಿರೋಧ’ ಅಂತ ಹೇಳೋದು ಸುಲಭ ಅಲ್ಲ, ಯಾಕಂದ್ರೆ ಸೈನಿಕರ ಸಂಬಳವೂ ಅದೇ ಮಸೂದೆಯಲ್ಲಿರುತ್ತೆ. ಹಾಗೆ ಗಂಟು ಹಾಕಿದ ಮಸೂದೆ ಎದುರು ಬಂದಾಗ ಏನು ಮಾಡ್ತೀರಿ? ಉತ್ತರ ಹೇಳೋಕೆ ಅಭ್ಯರ್ಥಿ ಎಷ್ಟು ತಡವರಿಸ್ತಾರೆ ಅನ್ನೋದ್ರಲ್ಲೇ ಅರ್ಧ ವಿಷಯ ಸಿಗುತ್ತೆ.

ಇದಕ್ಕಿಂತ ಗಟ್ಟಿಯಾದದ್ದು ಹಿಂದಿನ ದಾಖಲೆ. ಇಲ್ಲಿ ಮಿಷಿಗನ್ ರಾಜ್ಯದ ಜಸ್ಟಿನ್ ಅಮಾಶ್ ಒಳ್ಳೆ ಉದಾಹರಣೆ. 2010ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ಭಾಗದ 3ನೇ ಕ್ಷೇತ್ರದಲ್ಲಿ ವರ್ನ್ ಎಹ್ಲರ್ಸ್ ನಿವೃತ್ತರಾದಾಗ ಅಮಾಶ್ ನಿಂತರು. ಆಗ ಅವರಿಗೆ ವಯಸ್ಸು 30. ರಾಜ್ಯ ಶಾಸನಸಭೆಯಲ್ಲಿದ್ದಾಗಲೇ ತಾವು ಹಾಕಿದ ಮತಗಳನ್ನ, ಯಾಕೆ ಹಾಗೆ ಹಾಕಿದೆ ಅನ್ನೋ ವಿವರಣೆಯೊಂದಿಗೆ ಫೇಸ್‌ಬುಕ್‌ನಲ್ಲಿ ಬರೀತಿದ್ರು. ಅವರನ್ನ ಪರೀಕ್ಷಿಸಬೇಕಾದವರಿಗೆ ಸಂದರ್ಶನವೇ ಬೇಕಿರಲಿಲ್ಲ, ಓದಿದ್ರೆ ಸಾಕಿತ್ತು. 2013ರ ಜುಲೈನಲ್ಲಿ, ಎಡ್ವರ್ಡ್ ಸ್ನೋಡೆನ್ ಗುಟ್ಟು ಹೊರಹಾಕಿದ ಬೆನ್ನಲ್ಲೇ, ಇದೇ ಅಮಾಶ್ ಡೆಟ್ರಾಯಿಟ್‌ನ ಡೆಮಾಕ್ರಟ್ ಜಾನ್ ಕಾನ್ಯರ್ಸ್ ಜೊತೆ ಸೇರಿ ಜನರ ಫೋನ್ ದಾಖಲೆ ರಾಶಿ ಹಾಕೋದನ್ನ ನಿಲ್ಲಿಸೋ ತಿದ್ದುಪಡಿ ತಂದ್ರು. 205–217ರಿಂದ ಸೋತ್ರು. ಆದ್ರೆ ಹನ್ನೆರಡು ಓಟಿನ ಅಂತರಕ್ಕೆ ತಂದು ನಿಲ್ಲಿಸಿದ್ರು. ಒಂದು ಸೀಟಿಗೆ ಎಂಥವರು ಬಂದು ಕೂರ್ತಾರೆ ಅನ್ನೋದು ಯಾಕೆ ಮುಖ್ಯ ಅಂತ ಕೇಳೋರಿಗೆ ಇದೇ ಉತ್ತರ.

ಮೂರನೇ ಪಾಠ, ಲೆಕ್ಕ. ಒಳ್ಳೆಯವರು ಅಂತ ನಿಲ್ಲಿಸಿದ್ರೆ ಸಾಲದು, ಗೆಲ್ಲೋ ದಾರಿ ಇರಬೇಕು. ಕೆಂಟಕಿಯಲ್ಲಿ ಎರಡನೇ ಸುತ್ತು ಇಲ್ಲ. ಯಾರಿಗೆ ಹೆಚ್ಚು ಓಟೋ ಅವರೇ ಗೆದ್ದರು. ಮ್ಯಾಸಿ ಎದುರು ಶಾಸಕಿ ಅಲೇಶಿಯಾ ವೆಬ್-ಎಡ್ಜಿಂಗ್ಟನ್ ಇದ್ರು, ನಿರ್ಗಮಿಸ್ತಿದ್ದ ಡೇವಿಸ್ ಅವರ ಬೆಂಬಲ ಈಕೆಗೇ. ಬೂನ್ ಕೌಂಟಿಯ ಮುಖ್ಯಸ್ಥ ಗ್ಯಾರಿ ಮೂರ್ ಕೂಡ ಇದ್ರು. ಇಬ್ಬರೂ ಜನ ಹೆಚ್ಚಿರೋ ಉತ್ತರದ ಕೌಂಟಿಗಳವರು, ಒಬ್ಬರ ಓಟು ಇನ್ನೊಬ್ಬರು ತಿಂದ್ರು. ಮ್ಯಾಸಿಗೆ ಶೇ 45ರಷ್ಟು, ವೆಬ್-ಎಡ್ಜಿಂಗ್ಟನ್‌ಗೆ ಶೇ 29ರ ಹತ್ತಿರ, ಮೂರ್‌ಗೆ ಶೇ 15ರ ಹತ್ತಿರ ಬಂತು. ಸಂಖ್ಯೆಯಲ್ಲಿ ಹೇಳೋದಾದ್ರೆ 7 ಲಕ್ಷಕ್ಕೂ ಹೆಚ್ಚು ಜನ ಇರೋ ಕ್ಷೇತ್ರದಲ್ಲಿ ಸುಮಾರು 20 ಸಾವಿರ ಓಟು ತಗೊಂಡವರು ಸಂಸತ್ತಿನ ಬಾಗಿಲಿಗೆ ಬಂದ್ರು. ಇದು ಒಂದೇ ಸಿದ್ಧಾಂತದ ಕತೆ ಅಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾನೇದಾರ್ ಡೆಮಾಕ್ರಟ್, ಅವರ ರಾಜಕೀಯ ಪೂರ್ತಿ ಬೇರೆ. ಅವರೂ 2022ರಲ್ಲಿ ಡೆಟ್ರಾಯಿಟ್ ಭಾಗದ 13ನೇ ಕ್ಷೇತ್ರದ ಪ್ರೈಮರಿ ಗೆದ್ದಿದ್ದು ಹಲವರ ನಡುವೆ ಶೇ 28ರಷ್ಟು ಓಟಿನಿಂದ. ಖಾಲಿ ಸೀಟಿನ ಸ್ವಭಾವವೇ ಹಾಗೆ. ಸ್ವಲ್ಪ ಜನ, ಆದ್ರೆ ಗಟ್ಟಿ ಜನ ಸಾಕು.

ಇನ್ನು ದುಡ್ಡು. ಆ ವರ್ಷ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ನೇರವಾಗಿ ಕೊಡಬಹುದಾಗಿದ್ದು 2,500 ಡಾಲರ್ ಮಾತ್ರ. ಆದ್ರೆ 2010ರ ಕೋರ್ಟ್ ತೀರ್ಪುಗಳ ನಂತರ ಹುಟ್ಟಿದ ಸೂಪರ್ ಪ್ಯಾಕ್‌ಗಳಿಗೆ ಮಿತಿ ಇಲ್ಲ, ಅಭ್ಯರ್ಥಿ ಜೊತೆ ಮಾತಾಡಿಕೊಂಡು ಖರ್ಚು ಮಾಡಬಾರದು ಅಷ್ಟೇ. ಟೆಕ್ಸಸ್‌ನ 21 ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬ ಅಜ್ಜನಿಂದ ಬಂದ ಆಸ್ತಿಯಲ್ಲಿ ‘ಲಿಬರ್ಟಿ ಫಾರ್ ಆಲ್’ ಅನ್ನೋ ಸೂಪರ್ ಪ್ಯಾಕ್ ನಡೆಸಿ ಮ್ಯಾಸಿ ಪರವಾಗಿ 5 ಲಕ್ಷ ಡಾಲರ್‌ಗೂ ಹೆಚ್ಚು ಸುರಿದ. ಕೆಂಟಕಿಯ ಒಂದು ಸೀಟು, ಟೆಕ್ಸಸ್ ಹುಡುಗನ ದುಡ್ಡು. ಎದುರಾಳಿಗಳು ಇದನ್ನ ಪ್ರಶ್ನಿಸಿದ್ರು, ನನಗೂ ಅದು ನ್ಯಾಯವಾದ ಪ್ರಶ್ನೆ ಅನ್ಸುತ್ತೆ. ಅಭ್ಯರ್ಥಿಯನ್ನ ತೂಗಿದ ಹಾಗೇ ಅವರ ಹಿಂದಿನ ದುಡ್ಡನ್ನೂ ತೂಗಬೇಕು.

ತೂಗದೇ ಇದ್ರೆ ಏನಾಗುತ್ತೆ? ಅದೇ ವರ್ಷ ಮಿಷಿಗನ್‌ನ 11ನೇ ಕ್ಷೇತ್ರದಲ್ಲಿ ಆಯ್ತು. ಹಾಲಿ ಸಂಸದ ಥ್ಯಾಡಿಯಸ್ ಮೆಕಾಟರ್ ಅರ್ಜಿಗೆ 1,000 ಮತದಾರರ ಸಹಿ ಬೇಕಿತ್ತು. ಅವರ ಸಿಬ್ಬಂದಿ ಹಳೇ ಸಹಿಗಳ ಜೆರಾಕ್ಸ್ ಅಂಟಿಸಿ ಕೊಟ್ಟಿದ್ದು ಸಿಕ್ಕಿಬಿತ್ತು, ಅರ್ಜಿ ಬಿದ್ದುಹೋಯ್ತು. ಮತಪತ್ರದಲ್ಲಿ ಉಳಿದ ಒಂದೇ ರಿಪಬ್ಲಿಕನ್ ಹೆಸರು ಕೆರಿ ಬೆಂಟಿವೋಲಿಯೊ. ಮಾಜಿ ಸೈನಿಕ, ಮೇಷ್ಟ್ರು, ಹಿಮಸಾರಂಗ ಸಾಕ್ತಿದ್ದವರು. ರಾನ್ ಪಾಲ್ ಅಭಿಮಾನಿಗಳು ಅವರ ಹಿಂದೆ ಹೋದ್ರು, ಅದೇ ಸೂಪರ್ ಪ್ಯಾಕ್ ದುಡ್ಡೂ ಬಂತು, ಗೆದ್ದೂ ಬಿಟ್ರು. 2014ರ ಪ್ರೈಮರಿಯಲ್ಲಿ ಡೇವಿಡ್ ಟ್ರಾಟ್ ಎದುರು ದೊಡ್ಡ ಅಂತರದಲ್ಲಿ ಸೋತ್ರು. ಒಂದೇ ಅವಧಿ. ಅದೃಷ್ಟದಿಂದ ಬಂದ ಸೀಟನ್ನ ಉಳಿಸಿಕೊಳ್ಳೋಕೆ ಸ್ಥಳೀಯ ಬೇರು ಬೇಕು, ಅದು ಇರಲಿಲ್ಲ.

ಇನ್ನೊಂದು ಎಚ್ಚರಿಕೆ ರಾನ್ ಪಾಲ್ ಅವರಿಂದಲೇ. ಅವರ ಹೆಸರಿನಲ್ಲಿ ಹಿಂದೆ ಹೊರಬರ್ತಿದ್ದ ಸುದ್ದಿಪತ್ರಗಳಲ್ಲಿ ಜನಾಂಗೀಯ ದ್ವೇಷದ ಸಾಲುಗಳಿದ್ವು. ನಾನು ಬರೆದಿದ್ದಲ್ಲ ಅಂತ ಅವರು ಹೇಳಿದ್ರೂ 2008ರಲ್ಲೂ 2012ರಲ್ಲೂ ಅಧ್ಯಕ್ಷೀಯ ಪ್ರಚಾರದ ನಡುವೆ ಅದು ಬೆನ್ನು ಬಿಡಲಿಲ್ಲ. ನಮ್ಮವರು ಅಂತ ಹಳೇ ಕಾಗದ ತೆಗೆದು ನೋಡದೆ ಬಿಟ್ರೆ ಎದುರಾಳಿ ತೆಗೀತಾರೆ. ಕೋರ್ಟ್ ದಾಖಲೆ, ತೆರಿಗೆ ಬಾಕಿ, ಹಳೇ ಬರಹ, ಹಳೇ ಪೋಸ್ಟ್, ಎಲ್ಲವನ್ನೂ ಮೊದಲು ಓದಬೇಕಾದವರು ಬೆಂಬಲಿಗರೇ.

ಸರಿ, ಇಷ್ಟೆಲ್ಲ ತೂಗಿ ಆರಿಸಿದ ಮ್ಯಾಸಿ ಮುಂದೆ ಏನು ಮಾಡಿದ್ರು? ಡೇವಿಸ್ ಅವಧಿಗೆ ಮುಂಚೆನೇ ರಾಜೀನಾಮೆ ಕೊಟ್ಟಿದ್ರಿಂದ ನವೆಂಬರ್‌ನಲ್ಲೇ ಪ್ರಮಾಣವಚನ ಆಯ್ತು. 2013ರ ಜನವರಿಯಲ್ಲಿ ಸ್ಪೀಕರ್ ಆಯ್ಕೆಗೆ ತಮ್ಮ ಪಕ್ಷದ ನಾಯಕ ಜಾನ್ ಬೇನರ್‌ಗೆ ಹಾಕದೆ ಅಮಾಶ್ ಹೆಸರು ಹೇಳಿದ್ರು. 2020ರ ಮಾರ್ಚ್‌ನಲ್ಲಿ, ಕೋವಿಡ್ ಶುರುವಿನಲ್ಲಿ, 2 ಲಕ್ಷ ಕೋಟಿ ಡಾಲರ್ ಮೀರಿದ ಪರಿಹಾರ ಮಸೂದೆಯನ್ನ ಧ್ವನಿಮತದಲ್ಲಿ ಪಾಸು ಮಾಡೋದು ಬೇಡ, ಯಾರು ಹೇಗೆ ಹಾಕಿದ್ರು ಅಂತ ದಾಖಲಾಗಲಿ ಅಂತ ಪಟ್ಟು ಹಿಡಿದ್ರು. ಸಾಂಕ್ರಾಮಿಕದ ನಡುವೆ ಸಂಸದರು ವಾಷಿಂಗ್ಟನ್‌ಗೆ ಓಡಿ ಬರಬೇಕಾಯ್ತು, ಎರಡೂ ಪಕ್ಷದವರು ಬೈದ್ರು, ಟ್ರಂಪ್ ಪಕ್ಷದಿಂದಲೇ ಹೊರಹಾಕಿ ಅಂದ್ರು. 2025ರ ಮೇ 22ರಂದು, ಪ್ರೈಮರಿ ಗೆದ್ದ ದಿನಕ್ಕೆ ಸರಿಯಾಗಿ 13 ವರ್ಷಕ್ಕೆ, ಟ್ರಂಪ್‌ರ ದೊಡ್ಡ ತೆರಿಗೆ ಮಸೂದೆ 215–214ರಲ್ಲಿ ಪಾಸಾದಾಗ ವಿರೋಧಿಸಿದ ಇಬ್ಬರು ರಿಪಬ್ಲಿಕನ್ನರಲ್ಲಿ ಇವರೂ ಒಬ್ಬರು. ಅದೇ ವರ್ಷ ಟ್ರಂಪ್, ಇವರನ್ನ ಪ್ರೈಮರಿಯಲ್ಲಿ ಸೋಲಿಸಬೇಕು ಅಂತ ಬಹಿರಂಗವಾಗಿ ಕರೆ ಕೊಟ್ರು.

ಇದನ್ನ ಬರೀ ವೀರಗಾಥೆ ಅಂತ ತಗೋಬೇಡಿ. 2022ರಲ್ಲಿ ಜನಾಂಗದ್ವೇಷದ ಗುಂಪುಹತ್ಯೆಯನ್ನ ಒಕ್ಕೂಟದ ಮಟ್ಟದಲ್ಲಿ ಅಪರಾಧ ಮಾಡೋ ಎಮೆಟ್ ಟಿಲ್ ಮಸೂದೆಗೆ 422 ಜನ ಹೌದು ಅಂದ್ರು, ಮೂವರು ಬೇಡ ಅಂದ್ರು. ಆ ಮೂವರಲ್ಲೂ ಮ್ಯಾಸಿ ಇದ್ರು. ಆ ಮತ ಓದಿದಾಗ ನನಗೆ ಹಿಡಿಸಲಿಲ್ಲ. ಆದ್ರೆ ಇಲ್ಲೇ ಇಡೀ ವಿಷಯದ ತಿರುಳಿದೆ. ‘ಬೇಡ’ ಅನ್ನೋ ಧೈರ್ಯ ಇರೋರನ್ನ ಆರಿಸಿದ್ರೆ ಅವರು ನಿಮಗೂ ಒಂದು ದಿನ ‘ಬೇಡ’ ಅಂತಾರೆ. ಅಮಾಶ್ 2019ರ ಜುಲೈ 4ರಂದು ಪಕ್ಷವನ್ನೇ ಬಿಟ್ರು. ಅವರನ್ನ ಗೆಲ್ಲಿಸಿದ ಎಷ್ಟೋ ಜನಕ್ಕೆ ಅದು ದ್ರೋಹ ಅನ್ನಿಸ್ತು. ಒಂಬತ್ತು ವರ್ಷದ ಹಿಂದೆ ಅವರು ಮೆಚ್ಚಿಕೊಂಡಿದ್ದ ಗುಣವೇ ಅದು.

ಹಾಗಾಗಿ ಕೊನೆಯ ಪ್ರಶ್ನೆಯನ್ನ ಅಭ್ಯರ್ಥಿಗೆ ಅಲ್ಲ, ಆರಿಸೋರು ತಮಗೆ ತಾವೇ ಕೇಳಿಕೊಳ್ಳಬೇಕು. ನಮಗೆ ಬೇಕಾಗಿರೋದು ಮಾತು ಕೇಳೋರಾ, ಯೋಚಿಸೋರಾ?

ನಮ್ಮ ಸಂಸದರಿಗೆ ಈ ಪ್ರಶ್ನೆ ಇನ್ನೂ ಕಷ್ಟ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ ಮೀರಿ ಓಟು ಹಾಕಿದ್ರೆ ಸದಸ್ಯತ್ವಕ್ಕೇ ಕುತ್ತು. ಮ್ಯಾಸಿ ಮಾಡಿದ್ದನ್ನ ದೆಹಲಿಯಲ್ಲಿ ಮಾಡಿದ್ರೆ ಸೀಟು ಹೋಗುತ್ತೆ. ಆ ಕಾಯ್ದೆ ಬಂದಿದ್ದು ಆಯಾರಾಂ-ಗಯಾರಾಂ ಕಾಟ ತಡೆಯೋಕೆ, ಅದಕ್ಕೆ ಕಾರಣ ಇತ್ತು. ಆದ್ರೆ ಅದರ ಜೊತೆಗೆ ನಮ್ಮ ಪ್ರತಿನಿಧಿಯ ‘ಬೇಡ’ವೂ ಹೋಯ್ತು.

ಗ್ರಾಮ ಪಂಚಾಯಿತಿಯಲ್ಲಿ ಮಾತ್ರ ಹಾಗಿಲ್ಲ. ಅಲ್ಲಿ ಪಕ್ಷದ ಚಿಹ್ನೆಯೂ ಇಲ್ಲ, ಬಿ ಫಾರಂ ಕೂಡ ಇಲ್ಲ. ಮುಂದಿನ ಸಲ ನಿಮ್ಮ ವಾರ್ಡಿಗೆ ಯಾರಾದ್ರೂ ಓಟು ಕೇಳೋಕೆ ಬಂದ್ರೆ ಕೂರಿಸಿ, ಕಾಫಿ ಕೊಟ್ಟು, ಒಂದೇ ಪ್ರಶ್ನೆ ಕೇಳಿ: ‘ನಿಮ್ಮವರೇ ತಪ್ಪು ಬಿಲ್ಲಿಗೆ ಸಹಿ ಹಾಕು ಅಂದಾಗ, ಹಿಂದೆ ಯಾವತ್ತಾದ್ರೂ ಆಗಲ್ಲ ಅಂದಿದ್ದೀರಾ? ಯಾವಾಗ?’ ನಮ್ಮ ಚಿಕ್ಕಪ್ಪ ಕಾಯ್ತಾ ಕೂತಿದ್ದು ಅಂಥದ್ದೊಂದು ಪ್ರಶ್ನೆಗೆ. ಅವರ ಹತ್ರ ಉತ್ತರವೂ ಇತ್ತು.